ಮಾತು ಬರುವ ತನಕ

ಬೀದರ್–ಕಲಬುರಗಿ ರೈಲು ಮಾರ್ಗದ ಉದ್ದ 110 ಕಿಲೋಮೀಟರ್. ಅದರ ಮಾತು ಶುರುವಾದದ್ದು 1990ರ ದಶಕದಲ್ಲಿ. ಪ್ರಧಾನಿ ಬೀದರಿಗೆ ಬಂದು ಅದನ್ನು ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಸರ್ವೆ ಆಯಿತಂತೆ, ಹಣ ಬಂತಂತೆ, ಮತ್ತೆ ನಿಂತಿತಂತೆ ಎಂಬ ಸುದ್ದಿಗಳ ನಡುವೆ ನಮ್ಮ ಕಮಲಾಪುರದ ಹುಡುಗರು ಶಾಲೆ ಮುಗಿಸಿದರು, ಮದುವೆಯಾದರು, ಪುಣೆಗೋ ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೋಗಿ ಅಲ್ಲೇ ಬಾಡಿಗೆ ಮನೆ ಹಿಡಿದರು. ರೈಲು ಬಂತೆಂದು ಹಳಿಯ ಹತ್ತಿರ ಹೋಗಿ ನಿಂತವರಲ್ಲಿ ಅದಕ್ಕಾಗಿ ಮೊದಲು ಕೇಳಿದ ಹಿರಿಯರು ಬಹಳ ಮಂದಿ ಇರಲಿಲ್ಲ.

ಈ ಸೀಮೆಗೆ ಕಾಯುವುದು ರೂಢಿಯಾಗಿದೆ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಬಂದ ಸ್ವಾತಂತ್ರ್ಯ ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿಗೆ ಬಂದದ್ದು 13 ತಿಂಗಳ ಮೇಲೆ, 1948ರ ಸೆಪ್ಟೆಂಬರ್ 17ಕ್ಕೆ. ಹಿಂದುಳಿದ ಭಾಗಕ್ಕೆ ವಿಶೇಷ ಸ್ಥಾನ ಕೊಡಿ ಎಂದು ವರ್ಷಗಟ್ಟಲೆ ಕೇಳಿದ ಮೇಲೆ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಾಗಿ 371(ಜೆ) ಬಂತು. ಇನ್ನು ಹೊಲದ ಮಾತಂತೂ ಹೇಳುವುದೇ ಬೇಡ. ಮುಂಗಾರಿಗೆ ಬಿತ್ತಿದ ತೊಗರಿ ಮೊದಲ ಒಂದೂವರೆ ಎರಡು ತಿಂಗಳು ಬೆಳೆಯುತ್ತಿದೆ ಎಂದೇ ಅನ್ನಿಸುವುದಿಲ್ಲ. ಕಳೆ ಅದಕ್ಕಿಂತ ಮುಂದೆ ಓಡುತ್ತಿರುತ್ತದೆ. ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿಗೆ. ಅಷ್ಟು ಕಾದರೂ ಕೈಗೆ ಬರುತ್ತದೆಂಬ ಖಾತ್ರಿಯಿಲ್ಲ. 2022ರ ಕೊನೆಯಲ್ಲಿ ನೆಟೆ ರೋಗ ಬಿದ್ದು, ಕಾಯಿ ಹಿಡಿದು ನಿಂತ ಗಿಡಗಳೇ ಒಣಗಿದ್ದನ್ನು ಈ ಜಿಲ್ಲೆಯ ರೈತರು ಕಣ್ಣಾರೆ ಕಂಡಿದ್ದಾರೆ.

ಇಷ್ಟು ಕಾದ ನಾವು ತಾಳ್ಮೆಯ ಜನ ಆಗಿದ್ದೇವೆಯೇ? ಹೌದೆಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ. ಕಾದು ಕಾದು ಮೆತ್ತಗಾದವರನ್ನು ಕಂಡಿದ್ದೇನೆ. ಕಾದು ಕಾದು ಯಾವುದನ್ನೂ ನಂಬದಂತಾದವರನ್ನು ಅದಕ್ಕಿಂತ ಹೆಚ್ಚು ಕಂಡಿದ್ದೇನೆ. ದೇವರು ನಮ್ಮನ್ನು ಕಾಯಿಸುವುದು ತಾಳ್ಮೆ ಕಲಿಸುವುದಕ್ಕೆ ಎಂಬ ಮಾತನ್ನು ನಮ್ಮ ಕ್ರೈಸ್ತ ಸಭೆಗಳಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಸುಮ್ಮನೆ ಕಾಯುತ್ತ ಕೂತರೆ ತಾಳ್ಮೆ ತಾನಾಗಿ ಬಂದುಬಿಡುತ್ತದೆ ಎಂಬ ಭಾವನೆ ಅದರೊಳಗಿದೆ. ಹಾಗೆ ಆಗುವುದಿಲ್ಲ. ಕಾಯುವ ದಿನಗಳಲ್ಲಿ ನಾವು ಏನು ಮಾಡುತ್ತಿರುತ್ತೇವೆ, ಯಾರ ಜೊತೆ ಇರುತ್ತೇವೆ, ಯಾರ ಹತ್ತಿರ ಏನು ಕೇಳುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಇದನ್ನು ನಾನು ಕಲಿತದ್ದು, ಇನ್ನೂ ಕಲಿಯುತ್ತಿರುವುದು, ಅಪ್ಪನ ಮಾತಿಗಾಗಿ ಕಾಯುತ್ತ.

ಅಪ್ಪ ಕಮಲಾಪುರದ ರೈತ. ಕೆಲವು ವರ್ಷಗಳ ಹಿಂದೆ ಅವನಿಗೆ ಲಕ್ವಾ ಹೊಡೆಯಿತು. ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ಬಲಗೈ ಬಲಗಾಲು ಸೋತವು, ಮಾತು ನಿಂತುಹೋಯಿತು. ಕೈಕಾಲು ನಿಧಾನಕ್ಕೆ ಒಂದಿಷ್ಟು ಮರಳಿದವು, ಮಾತು ಮಾತ್ರ ಅಷ್ಟು ಸುಲಭಕ್ಕೆ ಬರಲಿಲ್ಲ. ಲಕ್ವಾ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗೆ ಭಾಷೆಯ ತೊಂದರೆಯಾಗುತ್ತದೆ. ಅದರಲ್ಲೂ ಅಪ್ಪನಿಗೆ ಬಂದಂಥದ್ದರಲ್ಲಿ ಎದುರಿನವರು ಹೇಳುವುದು ಬಹುಮಟ್ಟಿಗೆ ತಿಳಿಯುತ್ತದೆ, ತಾನು ಏನು ಹೇಳಬೇಕೆಂಬುದೂ ಒಳಗೆ ಗೊತ್ತಿರುತ್ತದೆ. ಪದ ಮಾತ್ರ ಬಾಯಿಗೆ ಬರುವುದಿಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೊಕಾ ಇಂಥದೇ ಒಬ್ಬ ರೋಗಿಯನ್ನು ನೋಡಿ, ಅವನು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಮಾತು ಹುಟ್ಟುವ ಜಾಗ ಅದರ ಮುಂದಿನ ಹಾಲೆಯಲ್ಲಿದೆ ಎಂದು ತೋರಿಸಿದ. ಲೆಬೋರ್ನ್ ಎಂಬ ಆ ರೋಗಿ 21 ವರ್ಷ ಆಸ್ಪತ್ರೆಯಲ್ಲಿದ್ದ. ಏನು ಕೇಳಿದರೂ ಅವನಿಂದ ಬರುತ್ತಿದ್ದದ್ದು 'ತಾನ್' ಎಂಬ ಒಂದೇ ಸದ್ದು. ಅಲ್ಲಿದ್ದವರು ಅವನ ಹೆಸರನ್ನೇ ತಾನ್ ಮಾಡಿಬಿಟ್ಟಿದ್ದರು. ಈ ಸಂಗತಿ ಓದಿದಾಗ ಬ್ರೊಕಾನ ಕೀರ್ತಿಗಿಂತ ಆ 21 ವರ್ಷಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. ಆ ಮನುಷ್ಯ ಹೇಳಬೇಕೆಂದಿದ್ದು ಏನೇನಿತ್ತೋ!

ಕಲಬುರಗಿಯಲ್ಲಿ ಸ್ಪೀಚ್ ಥೆರಪಿ ಮಾಡಿಸಲು ಅಪ್ಪನನ್ನು ಕರೆದೊಯ್ದಾಗ ಅಲ್ಲಿಯ ಮೇಡಂ ಮೊದಲು ಪಾಠ ಹೇಳಿದ್ದು ನಮಗೆ. ಅವರ ಮಾತನ್ನು ನೀವು ಮುಗಿಸಬೇಡಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಟಿವಿ ಆರಿಸಿ, ಕೇಳಿದ ಮೇಲೆ ಅವರ ಮುಖ ನೋಡುತ್ತ ಕೂಡಿ, ಉತ್ತರ ಬರದಿದ್ದರೆ ಕೂಡಲೇ ಇನ್ನೊಂದು ಪ್ರಶ್ನೆಗೆ ಹೋಗಬೇಡಿ ಎಂದರು. ಕೇಳಲು ಸುಲಭವಾದ ಸೂಚನೆಗಳು. ಒಬ್ಬ ಮನುಷ್ಯ 'ನೀರು' ಎಂಬ ಪದಕ್ಕಾಗಿ ಒದ್ದಾಡುತ್ತಿರುವಾಗ, ತಂಬಿಗೆ ನಮ್ಮ ಕೈಯಲ್ಲೇ ಇರುವಾಗ, ತುಟಿ ಬಿಗಿಹಿಡಿದು ಕೂಡುವುದು ಎಷ್ಟು ಕಷ್ಟವೆಂದು ಹಾಗೆ ಕೂತವರಿಗೇ ಗೊತ್ತು. ನಮ್ಮ ಕೈ ಮುಂದೆ ಹೋಗುವುದು ಪ್ರೀತಿಯಿಂದಲೇ ನಿಜ. ಆದರೆ ಅದರಲ್ಲಿ ಇನ್ನೊಂದು ಎಳೆಯೂ ಇದೆ: ಅವನ ಒದ್ದಾಟ ನಮಗೆ ನೋಡಲಾಗುವುದಿಲ್ಲ, ಅದನ್ನು ಬೇಗ ಮುಗಿಸಿಬಿಡಬೇಕು.

ಅವ್ವನಿಗೆ ಈ ಪಾಠ ಯಾರೂ ಹೇಳಬೇಕಾಗಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವಳು ಅಪ್ಪನಿಗೆ ಏನೋ ಕೇಳುತ್ತಾಳೆ. ಒಂದು ರೊಟ್ಟಿ ತಟ್ಟಿ ಹಂಚಿಗೆ ಹಾಕಿ ತಿರುವಿ ತೆಗೆಯುವಷ್ಟು ಹೊತ್ತಿಗೆ ಅಪ್ಪನಿಂದ ಅರ್ಧ ಪದ ಬರುತ್ತದೆ. ಅವಳು ಇನ್ನೊಂದು ಹಿಟ್ಟಿನ ಮುದ್ದಿ ಕೈಗೆತ್ತಿಕೊಳ್ಳುತ್ತಾಳೆ. "ನಿಮ್ಮಪ್ಪಗ ಎಲ್ಲಾ ತಿಳಿತದ. ಬಾಯಿಗಿ ಬರ್ಲಾಕ ಹೊತ್ತು ಬೇಕು, ಅಷ್ಟೇ ನೋಡು" ಎನ್ನುತ್ತಾಳೆ. ಅವಳು ಕಾಯುತ್ತಿದ್ದಾಳೆ ಎಂದು ನೋಡಿದವರಿಗೆ ಅನ್ನಿಸುವುದೇ ಇಲ್ಲ. ರೊಟ್ಟಿಯೂ ಆಗುತ್ತದೆ, ಮಾತೂ ಬರುತ್ತದೆ. ತಾಳ್ಮೆಯೆಂದರೆ ಹಲ್ಲು ಕಚ್ಚಿ ಸಹಿಸುವುದು ಎಂದೇ ನಾನು ಬಹುಕಾಲ ತಿಳಿದಿದ್ದೆ. ಅವ್ವನ ಮುಖದಲ್ಲಿ ಆ ಹಲ್ಲು ಕಚ್ಚಿದ ಬಿಗಿ ಇಲ್ಲ. ಅವಳ ಗಮನ ತಾನು ಕಾಯುತ್ತಿರುವುದರ ಮೇಲಿಲ್ಲ, ಎದುರಿಗಿರುವ ಗಂಡನ ಮೇಲಿದೆ.

ಇದನ್ನು ಅವಳು ಕಲಿತದ್ದು ಹೊಲದಲ್ಲಿರಬಹುದು. ಅಪ್ಪ ಅವ್ವ ಇಬ್ಬರೂ ಸೇರಿ ಕಮಲಾಪುರದ ಕೆಂಪು ಬಾಳೆ ಬೆಳೆದವರು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು ಅದು. ಬೇರೆ ಬಾಳೆ ಸುಮಾರು ಒಂದು ವರ್ಷಕ್ಕೆ ಗೊನೆ ಕೊಟ್ಟರೆ ಇದಕ್ಕೆ 18 ತಿಂಗಳು ಬೇಕು. ಆ ದೀರ್ಘ ಅವಧಿಗೇ ಅಂಜಿ ಬೇರೆ ಬೆಳೆಗೆ ಹೋದವರು ನಮ್ಮೂರಲ್ಲಿ ಇದ್ದಾರೆ, ಅವರನ್ನು ಯಾರೂ ದೂರುವಂತಿಲ್ಲ, ಸಾಲದ ಬಡ್ಡಿ 18 ತಿಂಗಳು ಸುಮ್ಮನೆ ಕೂಡುವುದಿಲ್ಲವಲ್ಲ. ಕಂದು ನೆಟ್ಟ ಮೇಲೆ ರೈತನಿಗೆ ಬರೀ ಕಾಯುವ ಕೆಲಸವೇ ಎಂದು ತಿಳಿಯುವುದು ತಪ್ಪು. ತಿಪ್ಪೆಗೊಬ್ಬರ ಹಾಕಬೇಕು, ನೀರು ತಪ್ಪಿಸಬಾರದು, ಬುಡಕ್ಕೆ ಮಣ್ಣು ಏರಿಸಬೇಕು, ಸುತ್ತ ಏಳುವ ಮರಿಗಳನ್ನು ಕೀಳಬೇಕು, ಗೊನೆ ಬಾಗಿದಾಗ ಕವೆಗೋಲು ಆನಿಸಬೇಕು, ಗಾಳಿಗೆ ಬಿದ್ದ ಗಿಡಗಳನ್ನು ಕಂಡು ಎದೆ ಒಡೆದರೂ ಉಳಿದವಕ್ಕೆ ಮರುದಿನ ನೀರು ಬಿಡಬೇಕು. ಗೊನೆ ತರಿಸುವುದು ಅಪ್ಪನ ಕೈಯಲ್ಲಿರಲಿಲ್ಲ, ಇವೆಲ್ಲ ಇದ್ದವು.

ಬಾಳೆಹಣ್ಣಿನ ವ್ಯಾಪಾರ ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಬೇಗ ಹಣ್ಣಾಗಲೆಂದು ಕಾರ್ಬೈಡ್ ಇಡುವುದನ್ನು ನಮ್ಮ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ, ಆದರೂ ಅಲ್ಲಲ್ಲಿ ನಡೆಯುತ್ತದೆ. ಹಾಗೆ ಮಾಡಿದ ಹಣ್ಣಿನ ಸಿಪ್ಪೆಗೆ ಬಣ್ಣ ಬಂದಿರುತ್ತದೆ, ಸುಲಿದರೆ ತಿರುಳು ಗಟ್ಟಿ, ಬಾಯಿಗೆ ಒಗರು. ನಮ್ಮ ಭಕ್ತಿಯ ವಲಯದಲ್ಲಿ ಇಂಥ ತಾಳ್ಮೆ ಬಹಳ ಇದೆ. ಕಷ್ಟ ಬಂದ ಮೂರನೇ ದಿನಕ್ಕೇ "ದೇವರ ಚಿತ್ತ, ಎಲ್ಲಾ ಒಳ್ಳೇದಕ್ಕೇ" ಎಂದು ನಗುವ ಮುಖ. ಒಳಗೆ ಅಳು ಇನ್ನೂ ಹಾಗೇ ಇರುತ್ತದೆ, ಸಿಟ್ಟು ಹಾಗೇ ಇರುತ್ತದೆ. ಸಭೆಯ ಮುಂದೆ ಅದನ್ನು ತೋರಿಸುವಂತಿಲ್ಲ, ತೋರಿಸಿದರೆ ವಿಶ್ವಾಸ ಸಾಲದು ಎನ್ನುತ್ತಾರೆ.

ಸತ್ಯವೇದ ಇಂಥ ಅವಸರದ ನಗುವನ್ನು ಕೇಳುವುದಿಲ್ಲ. ತಾಳ್ಮೆಗೆ ದೊಡ್ಡ ಉದಾಹರಣೆ ಯಾರೆಂದರೆ ಯೋಬ ಎನ್ನುತ್ತೇವೆ. ಯಾಕೋಬನ ಪತ್ರಿಕೆಯೂ ಅವನ ಹೆಸರನ್ನೇ ನೆನೆಯುತ್ತದೆ. ಆದರೆ ಯೋಬನ ಗ್ರಂಥವನ್ನು ನಿಜವಾಗಿ ಕೂತು ಓದಿದರೆ, ಅಲ್ಲಿ ಕಾಣುವವನು ಸುಮ್ಮನಿದ್ದ ಮನುಷ್ಯನೇ ಅಲ್ಲ. ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮುಂದೆ ಅಧ್ಯಾಯದ ಮೇಲೆ ಅಧ್ಯಾಯ ದೇವರೊಡನೆ ವಾದ ಹೂಡುತ್ತಾನೆ, ನ್ಯಾಯಕ್ಕೆ ಬಾ ಎಂದು ಕರೆಯುತ್ತಾನೆ. ಅವನ ಗೆಳೆಯರು ಮೊದಲ ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ಮಾಡತೊಡಗಿದ ಮೇಲೆ ಎಲ್ಲ ಕೆಟ್ಟಿತು. ಕೊನೆಯಲ್ಲಿ ದೇವರು ಆ ಗೆಳೆಯರನ್ನು ಗದರಿ, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಎಂಬರ್ಥದ ತೀರ್ಪು ಕೊಡುತ್ತಾನೆ. ದೇವರನ್ನು ಬಿಟ್ಟು ಹೋಗದೆ ದೇವರಿಗೇ ದೂರು ಕೊಟ್ಟವನು ಅವನು. 13ನೆಯ ಕೀರ್ತನೆಯೂ ಹಾಗೆಯೇ, ಎಷ್ಟು ಕಾಲ ಎಂದು ನಾಲ್ಕು ಸಲ ಕೇಳುತ್ತದೆ. ಲಾಜರ ಸತ್ತು ನಾಲ್ಕು ದಿನದ ಮೇಲೆ ಬಂದ ಯೇಸುವಿನ ಎದುರು ನಿಂತು, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲವೆಂದು ಮಾರ್ಥ ಹೇಳುತ್ತಾಳೆ. ಯೇಸು ಅವಳನ್ನು ಬಯ್ಯುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನೂ ಅಳುತ್ತಾನೆ.

ಹಾಗಾದರೆ ತಾಳ್ಮೆಗೆಟ್ಟವರು ಯಾರು? ಅಬ್ರಹಾಮನ ಕಥೆಯಲ್ಲಿ ಅದು ತೀರ ಸ್ಪಷ್ಟವಾಗಿ ಕಾಣುತ್ತದೆ. ದೇವರ ಕರೆ ಬಂದಾಗ ಅವನಿಗೆ 75 ವರ್ಷ, ಇಸಾಕ ಹುಟ್ಟಿದಾಗ 100. ನಡುವಿನ 25 ವರ್ಷಗಳಲ್ಲಿ, ಇನ್ನು ಕಾದರೆ ಆಗದೆಂದು ಸಾರಳು ತನ್ನ ದಾಸಿ ಹಾಗರಳನ್ನು ಗಂಡನಿಗೆ ಒಪ್ಪಿಸಿದಳು. ಅಬ್ರಹಾಮನಿಗೆ 86 ಆಗಿದ್ದಾಗ ಇಷ್ಮಾಯೇಲ ಹುಟ್ಟಿದ. ನಾವು ಇದನ್ನು ಅಬ್ರಹಾಮ ಸಾರಳರ ವಿಶ್ವಾಸ ಸಡಿಲಾದ ಕಥೆಯೆಂದು ಹೇಳಿ ಮುಂದೆ ಹೋಗುತ್ತೇವೆ. ಹಾಗರಳ ಕಡೆಯಿಂದ ನೋಡಿ: ಅವಳನ್ನು ಯಾರೂ ಕೇಳಲಿಲ್ಲ. ಬಸುರಿಯಾದಾಗ ಕಾಟ ಕೊಟ್ಟರು, ಒಮ್ಮೆ ಓಡಿಹೋದಳು. ಮುಂದೆ ಇಸಾಕ ಬಂದ ಮೇಲೆ ರೊಟ್ಟಿ, ನೀರಿನ ತಿತ್ತಿ ಹೊರಿಸಿ ಮಗನ ಜೊತೆ ಮರಳುಗಾಡಿಗೆ ಕಳಿಸಿದರು. ಅವಸರ ಮಾಡಿದ್ದು ದೊಡ್ಡವರು, ಬೆಲೆ ತೆತ್ತದ್ದು ದಾಸಿ. ಮರಳುಗಾಡಿನಲ್ಲಿ ಅವಳ ಮಗನ ದನಿ ಕೇಳಿಸಿಕೊಂಡವನು ದೇವರು.

ಇದನ್ನು ಕಂಡ ಮೇಲೆ ತಾಳ್ಮೆಯನ್ನು ನನ್ನೊಬ್ಬಳ ಮನಃಶಾಂತಿಯ ವಿಷಯವೆಂದು ನೋಡುವುದು ನನಗೆ ಸಾಧ್ಯವಾಗಿಲ್ಲ. ನನ್ನ ಅವಸರದ ಬೆಲೆಯನ್ನು ಯಾವಾಗಲೂ ನನಗಿಂತ ದುರ್ಬಲರು ತೆರುತ್ತಾರೆ. ಲಕ್ವಾ ಹೊಡೆದ ಮನೆಗಳಲ್ಲಿ ಇದು ದಿನವೂ ಕಾಣುತ್ತದೆ. ಮೂರೇ ವಾರದಲ್ಲಿ ಮಾತು ಬರಿಸುತ್ತೇವೆನ್ನುವ ಔಷಧಿಯವರು ಬರುತ್ತಾರೆ, ಒಂದೇ ರಾತ್ರಿಯ ಪ್ರಾರ್ಥನೆಯಲ್ಲಿ ನಾಲಿಗೆ ಬಿಚ್ಚಿಸುತ್ತೇವೆನ್ನುವವರೂ ಬರುತ್ತಾರೆ. ಪ್ರಾರ್ಥನೆಯಲ್ಲಿ ನನಗೆ ಪೂರ್ತಿ ನಂಬಿಕೆ ಇದೆ, ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ರಾತ್ರಿ ಕಳೆದು ಮಾತು ಬರದಿದ್ದಾಗ ತಪ್ಪು ಯಾರ ಮೇಲೆ ಬೀಳುತ್ತದೆ? ವಿಶ್ವಾಸ ಸಾಲದಾಯಿತು ಎಂಬ ಅಪವಾದ, ತನ್ನ ಪರವಾಗಿ ಒಂದು ಮಾತೂ ಆಡಲಾರದ ರೋಗಿಯ ಮೇಲೆ. ಅವನಿಗೆ ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ ಎಂಬುದನ್ನು ಮರೆತು ಅವನ ತಲೆಯ ಮೇಲಿಂದಲೇ ಮಾತು ನಡೆಯುತ್ತದೆ.

ಇಲ್ಲಿ ಒಂದು ಗಟ್ಟಿ ಪ್ರಶ್ನೆ ಎದುರಾಗುತ್ತದೆ, ಅದನ್ನು ಬದಿಗೆ ಸರಿಸಿ ತಾಳ್ಮೆಯ ಬಗ್ಗೆ ಬರೆಯುವುದು ಸರಿಯಾಗದು. ಬೀದರ್, ಕಲಬುರಗಿ ಕಡೆಯ ಹಳ್ಳಿ ಸಭೆಗಳಲ್ಲಿ ಹೆಚ್ಚಿನವರು ದಲಿತ ಮನೆತನದಿಂದ ಬಂದವರು. 1950ರ ಪರಿಶಿಷ್ಟ ಜಾತಿ ಆದೇಶ ಆ ಸ್ಥಾನವನ್ನು ಮೊದಲು ಹಿಂದೂಗಳಿಗಷ್ಟೇ ಕೊಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. 2004ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು, ರಂಗನಾಥ ಮಿಶ್ರ ಆಯೋಗ 2007ರಲ್ಲಿ ವರದಿ ಕೊಟ್ಟಿತು, 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ಆಯಿತು. ಊರಲ್ಲಿ ಜಾತಿ ಅವರನ್ನು ಬಿಟ್ಟಿಲ್ಲ, ಕಾಗದದಲ್ಲಿ ಮಾತ್ರ ಬಿಟ್ಟಿದೆ. ಇವರಿಗೆ ವೇದಿಕೆಯ ಮೇಲೆ ನಿಂತು ತಾಳ್ಮೆಯ ಪ್ರಸಂಗ ಮಾಡುವುದು ಸರಿಯೇ?

1963ರ ಏಪ್ರಿಲ್‌ನಲ್ಲಿ ಅಮೆರಿಕದ ಅಲಬಾಮದಲ್ಲಿ ಎಂಟು ಮಂದಿ ಬಿಳಿಯ ಧರ್ಮಗುರುಗಳು ಅಂಥದೇ ಪ್ರಸಂಗ ಮಾಡಿದ್ದರು. ಕರಿಯರ ಹೋರಾಟ ಅವಸರದ್ದು, ಕಾಲ ಪಕ್ವವಾಗಿಲ್ಲ ಎಂಬುದು ಅವರ ಹೇಳಿಕೆಯ ಸಾರ. ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್ ಅದಕ್ಕೆ ಬರೆದ ಉತ್ತರ ಇವತ್ತಿಗೂ ಪ್ರತಿ ಬೋಧಕರೂ ಓದಬೇಕಾದದ್ದು. ಕಿಂಗ್ ಸ್ವತಃ ಪಾಸ್ಟರ್. ಹೊಡೆತ ತಿಂದರೂ ತಿರುಗಿ ಹೊಡೆಯದ ತಾಳ್ಮೆಯನ್ನು ತನ್ನವರಿಗೆ ಕಲಿಸಿದವನು. ಅನ್ಯಾಯ ಅನುಭವಿಸದವರು ಅನುಭವಿಸುವವರಿಗೆ ಕಾಯಿರಿ ಎನ್ನುವುದನ್ನು ಮಾತ್ರ ಅವನು ಒಪ್ಪಲಿಲ್ಲ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯಕ್ಕೆ ಹೋದರೆ ಇದೇ ಕ್ರಮ ಕಾಣುತ್ತದೆ. ಮುಂಗಾರು ಹಿಂಗಾರಿಗಾಗಿ ಕಾಯುವ ರೈತನಂತೆ ತಾಳ್ಮೆಯಿಂದಿರಿ ಎಂಬ ಬುದ್ಧಿಮಾತು ನಮಗೆಲ್ಲ ಗೊತ್ತು, ರೈತರ ಸೀಮೆಯಲ್ಲಿ ಅದನ್ನು ಓದದ ಸಭೆಯಿಲ್ಲ. ಅದಕ್ಕೆ ಮೂರು ವಾಕ್ಯ ಮೊದಲು ಏನಿದೆ? ಹೊಲ ಕೊಯ್ದ ಆಳುಗಳ ಕೂಲಿಯನ್ನು ಹಿಡಿದಿಟ್ಟುಕೊಂಡ ಧಣಿಗಳ ಮೇಲೆ ಬೆಂಕಿಯಂಥ ಮಾತು. ಆ ಕೂಲಿಯೇ ಕೂಗುತ್ತಿದೆ, ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತಾನೆ ಯಾಕೋಬ. ಕೂಗುವವರಿಗೇ ಅವನು ತಾಳ್ಮೆ ಹೇಳುತ್ತಿರುವುದು, ಕೂಗನ್ನು ನಿಲ್ಲಿಸಿ ಎಂದು ಅವನು ಹೇಳುವುದಿಲ್ಲ. ನನ್ನ ಮಟ್ಟಿಗೆ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ತಾಳ್ಮೆಯನ್ನು ನನಗೆ ನಾನು ಹೇಳಿಕೊಳ್ಳಬಹುದು. ನನಗಿಂತ ಹೆಚ್ಚು ನೊಂದವರಿಗೆ ಹೇಳುವ ಹಕ್ಕು ನನಗಿಲ್ಲ. ಅವರ ಪಕ್ಕದಲ್ಲಿ ಕೂಡಬಹುದು, ಅವರ ಅರ್ಜಿಗೆ ನನ್ನ ಸಹಿ ಹಾಕಬಹುದು.

ಅಪ್ಪನ ವಿಷಯದಲ್ಲಿ ನನ್ನನ್ನು ಬಹಳ ಕಾಲ ಕಾಡಿದ್ದು ಬೇರೆಯೇ ಒಂದು ಸಂಗತಿ. ಇಡೀ ಜನ್ಮ ದುಡಿದವನು ಈಗ ಉಣ್ಣಿಸಿಕೊಳ್ಳುತ್ತಾನೆ, ಉಡಿಸಿಕೊಳ್ಳುತ್ತಾನೆ, ಯಾರಾದರೂ ಎಬ್ಬಿಸುವ ತನಕ ಕಾಯುತ್ತಾನೆ. ಅವನ ಮುಖದಲ್ಲಿ ಕಾಣುವ ನಾಚಿಕೆ ನನಗೆ ನೋಡಲಾಗುತ್ತಿರಲಿಲ್ಲ. ಡಬ್ಲ್ಯು. ಎಚ್. ವ್ಯಾನ್‌ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರು 1982ರಲ್ಲಿ ಬರೆದ ಪುಸ್ತಕ ಆಗ ನನಗೆ ಒದಗಿತು. ಅವರು ಗಮನಿಸಿದ್ದು ಇಷ್ಟು: ಸುವಾರ್ತೆಯಲ್ಲಿ ಗೆತ್ಸೇಮನೆ ತೋಟದ ತನಕ ಯೇಸು ಎಲ್ಲವನ್ನೂ ತಾನೇ ಮಾಡುತ್ತಾನೆ. ನಡೆಯುತ್ತಾನೆ, ಬೋಧಿಸುತ್ತಾನೆ, ಗುಣಪಡಿಸುತ್ತಾನೆ, ದೋಣಿ ಹತ್ತುತ್ತಾನೆ. ಹಿಡಿದುಕೊಟ್ಟ ಗಳಿಗೆಯಿಂದ ಮುಂದೆ ಎಲ್ಲವೂ ಅವನಿಗೆ ಆಗುತ್ತದೆ. ಅವನನ್ನು ಕಟ್ಟುತ್ತಾರೆ, ಎಳೆದೊಯ್ಯುತ್ತಾರೆ, ಬಟ್ಟೆ ಬಿಚ್ಚುತ್ತಾರೆ, ಉಡಿಸುತ್ತಾರೆ, ಶಿಲುಬೆಗೆ ಜಡಿಯುತ್ತಾರೆ. ನಮ್ಮ ರಕ್ಷಣೆಯ ದೊಡ್ಡ ಕೆಲಸ ನಡೆದದ್ದು ಅವನ ಕೈ ಏನೂ ಮಾಡಲಾರದೆ ನಿಂತ ಆ ಹೊತ್ತಿನಲ್ಲಿ. ದುಡಿಮೆಯಿಂದಷ್ಟೇ ಮನುಷ್ಯನಿಗೆ ಬೆಲೆ ಎಂಬ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ. ಕಾಯುವವನಿಗೆ, ಇನ್ನೊಬ್ಬರ ಕೈಗೆ ಒಪ್ಪಿಸಿಕೊಂಡವನಿಗೆ ಒಂದು ಘನತೆ ಇದೆ, ದೇವರ ಮಗನೇ ಆ ಜಾಗದಲ್ಲಿ ನಿಂತಿದ್ದಾನೆ. ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವನು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡ. ಅವನು ಏನೆಂದುಕೊಂಡನೋ ಹೇಳಲು ಅವನಿಗಾಗಲಿಲ್ಲ, ಅವನ ಪರವಾಗಿ ನಾನು ಹೇಳುವುದೂ ಬೇಡ.

ಹಾಡು ಮಾತ್ರ ಅವನಿಗೆ ಬರುತ್ತದೆ. ಇದು ಪವಾಡದ ಮಾತಲ್ಲ, ವೈದ್ಯರಿಗೆ ಗೊತ್ತಿರುವುದೇ. ಪದ ಕಟ್ಟಲಾರದವರು ಚಿಕ್ಕಂದಿನಿಂದ ಹಾಡಿದ ಹಾಡನ್ನು ಪದಗಳ ಸಮೇತ ಹಾಡಬಲ್ಲರು. ಇದನ್ನೇ ಹಿಡಿದು 1973ರಲ್ಲಿ ಬಾಸ್ಟನ್ನಿನ ವೈದ್ಯರು ರಾಗದ ಮೂಲಕ ಮಾತು ಕಲಿಸುವ ಒಂದು ಚಿಕಿತ್ಸೆಯನ್ನೇ ರೂಪಿಸಿದರು. ಭಾನುವಾರ ಸಭೆಯಲ್ಲಿ ನನ್ನ ಹೆಸರು ಹೇಳಲಾರದ ಅಪ್ಪ ಕ್ರೈಸ್ತಗೀತೆಯ ಪಲ್ಲವಿಯನ್ನು ಪೂರ್ತಿ ಹಾಡುತ್ತಾನೆ. ಹಾಡು ನಿಂತರೆ ಮಾತೂ ನಿಲ್ಲುತ್ತದೆ. ಮೊದಲ ಸಲ ಕೇಳಿದಾಗ ಇಡೀ ಸಭೆ ತಿರುಗಿ ನೋಡಿತ್ತು. ಅವನು ಎಷ್ಟೋ ವರ್ಷ ಹಾಡಿದ್ದು ಮಿದುಳಿನ ಯಾವುದೋ ಮೂಲೆಯಲ್ಲಿ ಉಳಿದು, ಮಿಕ್ಕಿದ್ದೆಲ್ಲ ಹೋದಾಗ ಅವನನ್ನು ಹಿಡಿದುಕೊಂಡಿತು. ವಿಶ್ವಾಸದ ಅಭ್ಯಾಸವನ್ನು ಒಳ್ಳೆಯ ದಿನಗಳಲ್ಲೇ ಮಾಡಿಕೊಳ್ಳಬೇಕೆಂದು ಹಿರಿಯರು ಯಾಕೆ ಹೇಳುತ್ತಿದ್ದರೋ ಆಗ ತಿಳಿಯಿತು. ಕಷ್ಟ ಬಂದ ಮೇಲೆ ಹೊಸ ಹಾಡು ಕಲಿಯಲು ನಮಗೆ ಬಲ ಇರುವುದಿಲ್ಲ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಸಮಯ ಅಂತ ಇರುತ್ತದೆ. ಕೆಲಸ ಸಿಕ್ಕವರು, ಮಗು ಹುಟ್ಟಿದವರು, ಆಪರೇಷನ್ ಆಗಿ ಗುಣವಾದವರು ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳುತ್ತಾರೆ. ಇನ್ನೂ ಕಾಯುತ್ತಿರುವವರು ಏಳುವುದಿಲ್ಲ, ಅವರ ಹತ್ತಿರ ಹೇಳಲು ಏನಿದೆ ಎಂಬುದು ರೂಢಿ. ಕಳೆದ ಅಡ್ವೆಂಟ್‌ನ ಒಂದು ಭಾನುವಾರ, ಹೊಲಗಳಲ್ಲಿ ತೊಗರಿ ಕಾಯಿಗಟ್ಟುವ ಹೊತ್ತು, ಅಪ್ಪ ಊರುಗೋಲು ಹಿಡಿದು ಎದ್ದ. ಬಾಯಿ ತೆರೆದ. ಏನೂ ಬರಲಿಲ್ಲ. ಪಕ್ಕದವರು ಅವನನ್ನು ಕೂರಿಸಲು ತೋಳು ಹಿಡಿದರು. ಪಾಸ್ಟರ್ ಅಯ್ಯನವರು ಕೈಸನ್ನೆ ಮಾಡಿ ಬೇಡವೆಂದರು. ಹುಡುಗರು ಕಿಸಕ್ಕೆನ್ನಲಿಲ್ಲ, ಕೂಸೊಂದು ಅತ್ತು ಸುಮ್ಮನಾಯಿತು. ಎಲ್ಲರೂ ಕಾದರು. ಅಪ್ಪನಿಂದ ಎರಡೇ ಪದ ಬಂದವು. "ಇನ್ನಾ... ಇದ್ದೀನಿ." ಕೂತ. ಇನ್ನೂ ಇದ್ದೇನೆ. ಬದುಕಿದ್ದೇನೆ ಎಂದನೋ, ಇನ್ನೂ ನಿಮ್ಮ ನಡುವೆ ಇದ್ದೇನೆ ಎಂದನೋ, ಇನ್ನೂ ದೇವರನ್ನು ಹಿಡಿದಿದ್ದೇನೆ ಎಂದನೋ. ಅದಾದ ಮೇಲೆ ಎರಡು ಮೂರು ಜನ ಎದ್ದರು. ಯಾರಿಗೂ ಏನೂ ಸಿಕ್ಕಿರಲಿಲ್ಲ. ಮಗನ ಕುಡಿತ ಬಿಟ್ಟಿಲ್ಲ ಎಂದು ಒಬ್ಬ ತಾಯಿ, ಪ್ರತಿ ವರ್ಷ ಪರೀಕ್ಷೆ ಬರೆಯುತ್ತಿದ್ದೇನೆ ಎಂದು ಒಬ್ಬ ಹುಡುಗ. ನಾನು ನೋಡಿದ ಸಾಕ್ಷಿಯ ಸಮಯಗಳಲ್ಲಿ ಅತ್ಯಂತ ನಿಜವಾದದ್ದು ಅದು. ಒಬ್ಬನಿಗಾಗಿ ನೂರು ಜನ ಸುಮ್ಮನೆ ಕಾದದ್ದರಿಂದ ಉಳಿದವರಿಗೆ ಬಾಯಿ ಬಂತು. ಪ್ರತಿ ಸಭೆಯಲ್ಲೂ ಇದಕ್ಕೆ ಜಾಗ ಇರಬೇಕೆಂದು ನನ್ನ ಕೋರಿಕೆ.

ನಿನಗೆ ತಾಳ್ಮೆ ಕಲಿಸಲು ದೇವರು ಹೀಗೆ ಮಾಡಿದ್ದಾನೆ ಎಂದು ಒಳ್ಳೆಯ ಮನಸ್ಸಿನವರೇ ನನಗೆ ಹೇಳಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಮಗಳಿಗೆ ಪಾಠ ಹೇಳುವುದಕ್ಕೆ ತಂದೆಯ ನಾಲಿಗೆ ಕಿತ್ತುಕೊಳ್ಳುವ ದೇವರನ್ನು ಯೇಸು ನಮಗೆ ತೋರಿಸಿಲ್ಲ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ ಅವರ ತಪ್ಪೇನು ಎಂದು ಹುಡುಕುವವರನ್ನು ಅವನು ತಡೆದ. ಕಾಯುವ ಈ ದಿನಗಳಲ್ಲಿ ನನ್ನೊಳಗೆ ಏನಾದರೂ ಬೆಳೆದಿದ್ದರೆ ಅದು ದೇವರ ಕೃಪೆ. ಅದಕ್ಕಾಗಿ ಅವನಿಗೆ ಸ್ತೋತ್ರ. ಅಪ್ಪನ ಮಾತಿಗೆ ಬದಲು ಅದನ್ನು ಕೊಟ್ಟಿದ್ದಾನೆಂದು ಲೆಕ್ಕ ಮುಗಿಸಲು ನಾನು ತಯಾರಿಲ್ಲ. ಥೆರಪಿ ಮೇಡಂ ಹೇಳುವಂತೆ ಹೆಚ್ಚಿನ ಸುಧಾರಣೆ ಮೊದಲ ತಿಂಗಳುಗಳಲ್ಲಿ ಕಾಣುತ್ತದೆ, ಆಮೇಲೂ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಬರುವುದುಂಟು. ಶನಿವಾರ ಶಾಲೆ ಬಿಟ್ಟ ಮೇಲೆ ಕಲಬುರಗಿಯಿಂದ ಹುಮನಾಬಾದ್ ಬಸ್ ಹತ್ತಿ ಊರಿಗೆ ಹೋಗುತ್ತೇನೆ. ಚಿತ್ರದ ಕಾರ್ಡುಗಳನ್ನು ಹರಡಿಕೊಂಡು ಅಪ್ಪನ ಎದುರು ಕೂಡುತ್ತೇನೆ. ಈ ವಾರ ತರಕಾರಿಗಳ ಕಾರ್ಡು, ಅವನಿಗೆ ಬದನೆಕಾಯಿ ಬರುತ್ತದೆ, ಮೆಣಸಿನಕಾಯಿ ಇನ್ನೂ ಬಂದಿಲ್ಲ. ಪೂರ್ತಿ ಮಾತು ಕೊಡು ಎಂದೇ ಪ್ರತಿ ರಾತ್ರಿ ಕೇಳುತ್ತೇನೆ, ಕಡಿಮೆ ಏನನ್ನೂ ಕೇಳುವುದಿಲ್ಲ.